ಕಣ್ಣಿನ ಆಪರೇಷನ್ ಎಂದು ಹೇಳಿದ್ದರು

(ವ್ಯಕ್ತಿಯ ಗುರುತು ಸಿಗದಂತೆ ಹೆಸರು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಶಾರದಾ ಎನ್ನೋಣ. ವಯಸ್ಸು 57. ಮೈಸೂರಿನ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿ. ಬೆಂಗಳೂರಿನಲ್ಲಿ ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖವನ್ನು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡ ಮೂರನೆಯ ವಾರದಲ್ಲಿ ಆಪ್ತಸಲಹೆಗಾರ್ತಿಯಾದ ನನ್ನನ್ನು ಕಾಣಲು ಬಂದರು. ಕಪ್ಪು ಕನ್ನಡಕ ಹಾಕಿಕೊಂಡು, ಗಲ್ಲ ಮುಚ್ಚುವಂತೆ ದುಪಟ್ಟಾ ಸುತ್ತಿಕೊಂಡಿದ್ದರು. ಕುರ್ಚಿಯಲ್ಲಿ ಕುಳಿತ ಮೇಲೂ ಎರಡನ್ನೂ ತೆಗೆಯಲಿಲ್ಲ.

"ಮೇಡಂ, ನನ್ನ ಮುಖ ಹಾಳಾಯಿತು" ಎಂಬುದೇ ಮೊದಲ ಮಾತು. ಎಡಗೆನ್ನೆ ಬಲಗೆನ್ನೆಗಿಂತ ದಪ್ಪವಾಗಿದೆ, ಕಿವಿಯ ಹಾಲೆ ತನ್ನದೇ ಅಲ್ಲವೇನೋ ಎಂಬಷ್ಟು ಮರಗಟ್ಟಿದೆ, ನಗಲು ಹೋದರೆ ಚರ್ಮ ಬಿಗಿಯುತ್ತದೆ. ರಾತ್ರಿ ನಿದ್ರೆಯಿಲ್ಲ, ಬೆಳಗಾದರೆ ಅಳು. ಎರಡು ವಾರದಲ್ಲಿ ಕೆಲಸಕ್ಕೆ ಹೋಗಬಹುದೆಂದು ಸರ್ಜನ್ ಹೇಳಿದ್ದರಂತೆ. ಎರಡು ವಾರ ಕಳೆದರೂ ಮುಖ ಹೀಗೇ ಇದ್ದುದರಿಂದ ರಜೆಯನ್ನು ಮುಂದುವರಿಸಿದ್ದರು. ಸಹೋದ್ಯೋಗಿಗಳಿಗೆ, ನಾದಿನಿಗೆ, ಮನೆಯಲ್ಲೇ ಇರುವ ಅತ್ತೆಗೆ ಕೂಡ ಹೇಳಿದ್ದು ಕಣ್ಣಿನ ಆಪರೇಷನ್ ಎಂದು. ನಿಜ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವರು ಹೆಂಡತಿಯ ಅಳು ಕೇಳಿದಾಗಲೆಲ್ಲ "ಯಾರು ಮಾಡಿಸಿಕೊಳ್ಳಲು ಹೇಳಿದ್ದರು?" ಎಂದು ಒಂದೇ ಪ್ರಶ್ನೆ ಕೇಳಿ ಪತ್ರಿಕೆಗೆ ಮರಳುತ್ತಿದ್ದರು.

ಈ ಪ್ರಶ್ನೆಯನ್ನು ನಾನೂ ಕೇಳಿದೆ, ಬೇರೆ ದನಿಯಲ್ಲಿ. ಆಕೆಯ ಉತ್ತರ ನೇರವಾಗಿತ್ತು. ನಾಲ್ಕೈದು ವರ್ಷಗಳಿಂದ, ಚೆನ್ನಾಗಿ ನಿದ್ರೆ ಮಾಡಿ ಎದ್ದ ದಿನವೂ ಎದುರಾದವರೆಲ್ಲ "ಹುಷಾರಿಲ್ಲವೇ?" ಎಂದೇ ವಿಚಾರಿಸುತ್ತಿದ್ದರು. ಕೆನ್ನೆ, ಗಲ್ಲ ಜೋತುಬಿದ್ದು ಮುಖಕ್ಕೆ ಸದಾ ಸುಸ್ತಿನ ಕಳೆ. ಅದನ್ನು ತೆಗೆಸಬೇಕೆನಿಸಿತು, ತೆಗೆಸಿದರು. ತಲೆಗೂದಲಿಗೆ ಬಣ್ಣ ಹಚ್ಚುವವರಿಂದ ನಾವು ಕಾರಣ ಕೇಳುವುದಿಲ್ಲ. ಇಲ್ಲಿ ಮಾತ್ರ ಏಕೆ ಕಟಕಟೆ ಹತ್ತಿಸುತ್ತೇವೋ ನನಗೆ ಅರ್ಥವಾಗುವುದಿಲ್ಲ.

ಆದರೆ ಆಪ್ತಸಲಹೆಗಾರರು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಇಲ್ಲದ ಅಥವಾ ಬೇರೆಯವರಿಗೆ ಕಾಣದ ಕುಂದೊಂದನ್ನು ದೊಡ್ಡದೆಂದು ನಂಬಿ, ದಿನಕ್ಕೆ ಗಂಟೆಗಟ್ಟಲೆ ಅದರಲ್ಲೇ ಮುಳುಗುವ ಒಂದು ಮಾನಸಿಕ ಸಮಸ್ಯೆ ಇದೆ. ಅಂಥವರಿಗೆ ಯಾವ ಶಸ್ತ್ರಚಿಕಿತ್ಸೆಯೂ ಸಮಾಧಾನ ತರುವುದಿಲ್ಲ, ಒಂದಾದ ಮೇಲೆ ಇನ್ನೊಂದು ಬೇಕೆನಿಸುತ್ತದೆ. ಶಾರದಾ ಅವರಲ್ಲಿ ಆಪರೇಷನ್‌ಗೆ ಮೊದಲು ಅಂಥ ಲಕ್ಷಣ ಇರಲಿಲ್ಲ. ಕನ್ನಡಿಯ ಗೀಳು ಶುರುವಾದದ್ದು ಬ್ಯಾಂಡೇಜ್ ಬಿಚ್ಚಿದ ಮೇಲೆ. ತಾಯಿ ತೀರಿಕೊಂಡ ವರ್ಷ ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದರು. ಇದನ್ನು ಗುರುತು ಹಾಕಿಕೊಂಡೆ. ಮೊದಲೊಮ್ಮೆ ಖಿನ್ನತೆ ಅನುಭವಿಸಿದವರಿಗೆ ಇಂಥ ಆಪರೇಷನ್ನಿನ ನಂತರದ ದಿನಗಳು ಹೆಚ್ಚು ಕಷ್ಟ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಬಾಯಿಬಿಟ್ಟು ಕೇಳಿದೆ. ಇಲ್ಲ ಎಂದರು. ಬಂದರೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ ಎಂದು ಸಂಖ್ಯೆ ಬರೆದುಕೊಟ್ಟೆ.

ಮೊದಲ ಸಲಹೆ ಮನಸ್ಸಿಗೆ ಸಂಬಂಧಿಸಿದ್ದಲ್ಲ. ನನ್ನೆದುರಿನಲ್ಲೇ ಸರ್ಜನ್‌ಗೆ ಫೋನ್ ಮಾಡಿ ಎಂದೆ. "ಅವರಿಗೆ ಎಷ್ಟು ಸಲ ತೊಂದರೆ ಕೊಡುವುದು?" ಎಂದು ಹಿಂಜರಿದರು. ಹಣ ಕೊಟ್ಟು ಮುಖ ಒಪ್ಪಿಸಿದವರಿಗೆ ಇದೆಂಥ ಸಂಕೋಚ! ಸರ್ಜನ್ ಫೋಟೊ ತರಿಸಿಕೊಂಡು ನೋಡಿ, ಎಡಮಗ್ಗುಲಿಗೆ ಮಲಗುತ್ತೀರಾ ಎಂದು ವಿಚಾರಿಸಿದರು. ಹೌದು, ಮೂರು ದಿಂಬಿನ ಮೇಲೆ ಅಂಗಾತ ಮಲಗಿ ಸಾಕಾಗಿ ಎಡಕ್ಕೆ ಹೊರಳುತ್ತಿದ್ದರು. ಎರಡು ಕೆನ್ನೆಗಳ ಊತ ಒಂದೇ ವೇಗದಲ್ಲಿ ಇಳಿಯುವುದಿಲ್ಲ, ಸದ್ಯಕ್ಕೆ ಗಾಬರಿಪಡುವಂಥದ್ದು ಕಾಣುವುದಿಲ್ಲ, ಆದರೂ ಆ ವಾರವೇ ಬಂದು ತೋರಿಸಿ ಎಂದರು.

ಫೋನ್ ಇಟ್ಟ ಮೇಲೆ ಇನ್ನೊಂದು ಸಂಗತಿ ಹೊರಬಂತು. ಊತ ಬೇಗ ಇಳಿಯಲಿ ಎಂದು ಆಕೆ ಬಿಸಿ ಬಟ್ಟೆಯ ಶಾಖ ಕೊಟ್ಟುಕೊಳ್ಳುತ್ತಿದ್ದರು. ಫೇಸ್‌ಲಿಫ್ಟ್‌ನಲ್ಲಿ ಕಿವಿಯ ಮುಂದಿನಿಂದ ಹಾಲೆಯನ್ನು ಸುತ್ತುವರಿದು ಹಿಂದಿನ ಕೂದಲಿನವರೆಗೆ ಕೊಯ್ದು, ಚರ್ಮವನ್ನು ಎಬ್ಬಿಸಿ, ಅದರಡಿಯ ಪದರವನ್ನು ಬಿಗಿದು ಹೊಲಿಯುತ್ತಾರೆ. ಸ್ಪರ್ಶ ತಿಳಿಸುವ ಸಣ್ಣ ನರಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಸುಟ್ಟರೂ ಗೊತ್ತಾಗದು. ಶಾಖ, ಕೂದಲು ಒಣಗಿಸುವ ಯಂತ್ರ, ನೇರ ಮಂಜುಗಡ್ಡೆ ಯಾವುದೂ ಬೇಡ ಎಂದು ಸರ್ಜನ್ ಕೊಟ್ಟ ಹಾಳೆಯಲ್ಲೇ ಇತ್ತು. ಆ ಹಾಳೆ ಮನೆಯವರ ಕಣ್ಣಿಗೆ ಬೀಳದಂತೆ ಬೀರುವಿನಲ್ಲಿ ಭದ್ರವಾಗಿತ್ತು!

ಆ ಹಾಳೆಯನ್ನು ತರಿಸಿ, ಕೂತು ಒಟ್ಟಿಗೆ ಓದಿದೆವು. ಎರಡು ವಾರದ ಲೆಕ್ಕ ನೀಲಿಗಟ್ಟಿದ ಕಲೆಗಳು ಮಾಸುವುದಕ್ಕೆ, ಜನರ ನಡುವೆ ಓಡಾಡುವುದಕ್ಕೆ ಮಾತ್ರ. ಊತ ಎರಡನೇ, ಮೂರನೇ ದಿನ ಅತಿ ಹೆಚ್ಚಾಗಿ, ಆಮೇಲೆ ಇಳಿಯತೊಡಗುತ್ತದೆ; ಆದರೆ ಕೊನೆಯ ಪಾಲು ತಿಂಗಳುಗಟ್ಟಲೆ ಉಳಿಯುತ್ತದೆ. ಗಾಯದ ಗೆರೆ ಮಾಸಲು ವರ್ಷವೂ ಬೇಕಾಗಬಹುದು. ಆದ್ದರಿಂದ ಮೂರನೆಯ ವಾರದಲ್ಲಿ ಮುಖದ ಬಗ್ಗೆ ತೀರ್ಪು ಕೊಡುವ ಅಧಿಕಾರ ನಿಮಗೂ ಇಲ್ಲ, ನಿಮ್ಮವರಿಗೂ ಇಲ್ಲ ಎಂದೆ. ಕನ್ನಡಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ತೋಳಳತೆಯ ದೂರದಿಂದ. ಮೊಬೈಲನ್ನು ಮುಖಕ್ಕೆ ಹಿಡಿದು ಹಿಗ್ಗಿಸಿ ನೋಡುವುದು ಬಂದ್. ಅಷ್ಟು ಹತ್ತಿರದಿಂದ ಯಾರ ಮುಖವೂ ಸೊಟ್ಟಗೇ ಕಾಣುತ್ತದೆ. ವಾರಕ್ಕೊಂದು ಫೋಟೊ ಸಾಕು, ಒಂದೇ ಕಿಟಕಿಯ ಬೆಳಕಿನಲ್ಲಿ, ಗಂಡ ತೆಗೆಯಬೇಕು.

ಕೆಲಸಗಳ ವಿಷಯಕ್ಕೆ ಬಂದರೆ, ಸರ್ಜನ್ ಒಪ್ಪಿದ್ದನ್ನೇ ದಿನಚರಿಗೆ ಇಳಿಸಿದೆವು. ಸಮತಟ್ಟಿನಲ್ಲಿ ನಡಿಗೆ ಮೊದಲಿನಿಂದಲೂ ಒಳ್ಳೆಯದೇ. ಪಾಠಕ್ಕೆ ಹೋಗಬಹುದು, ಆದರೆ ಮೊದಲ ವಾರ ದಿನಕ್ಕೊಂದೇ ತರಗತಿ. ಬಹಳ ಹೊತ್ತು ಮಾತನಾಡಿದರೆ ದವಡೆ ಬಿಗಿಯುತ್ತದೆ. ಹೆಲ್ಮೆಟ್ಟಿನ ಒತ್ತಡ ಕಿವಿಯ ಹಿಂದಿನ ಗೆರೆಯ ಮೇಲೇ ಬೀಳುವುದರಿಂದ ಸ್ಕೂಟರ್ ಬೇಡ, ಆಟೊ. ಭಾರ ಎತ್ತುವುದು, ಸೂರ್ಯನಮಸ್ಕಾರ, ಚಾಮುಂಡಿ ಬೆಟ್ಟದ ಮೆಟ್ಟಿಲು ಇವೆಲ್ಲ ಆರು ವಾರದ ನಂತರ, ಅದೂ ಕೇಳಿಕೊಂಡು. ಕೂದಲಿನ ಬಣ್ಣಕ್ಕೂ ಅನುಮತಿ ಬೇಕು. ಬಿಸಿಲಿಗೆ ಛತ್ರಿ. ಒಂದೇ ಕಡೆ ಊತ ಮತ್ತು ನೋವು ಏಕಾಏಕಿ ಹೆಚ್ಚಿದರೆ, ಜ್ವರ ಬಂದರೆ, ಕೀವು ಕಂಡರೆ, ಕಿವಿಯ ಹತ್ತಿರ ಚರ್ಮ ಕಪ್ಪಾದರೆ, ಬಾಯಿಯ ಒಂದು ಬದಿ ಹೊಸದಾಗಿ ಜಾರಿದರೆ ನನ್ನ ಹತ್ತಿರ ಬರಬಾರದು, ತಕ್ಷಣ ಸರ್ಜನ್‌ಗೇ ಹೇಳಬೇಕು.

ಇಷ್ಟೆಲ್ಲ ಸುಲಭವಾಗಿ ಒಪ್ಪಿದವರು ವರಮಹಾಲಕ್ಷ್ಮಿ ಹಬ್ಬದ ಮಾತು ಬಂದಾಗ ಕುಗ್ಗಿಹೋದರು. ಹಬ್ಬ ಐದನೆಯ ವಾರಕ್ಕೆ ಬೀಳುತ್ತಿತ್ತು. ಬಗ್ಗಿ ರಂಗೋಲಿ, ದೇವರಿಗೆ ಅಡ್ಡಬೀಳುವುದು, ತಲೆಗೆ ಸ್ನಾನ, ಕಿವಿಯ ಹಿಂದಿನಿಂದ ಎಳೆದು ಮುಡಿಯುವ ಮಲ್ಲಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ಅರಿಶಿನ ಕುಂಕುಮಕ್ಕೆ ಬರುವ ಹೆಂಗಸರು ಕೆನ್ನೆಗೆ ಅರಿಶಿನ ಸವರುವಷ್ಟು ಹತ್ತಿರ ಬರುತ್ತಾರೆ. ಕಣ್ಣಿನ ಆಪರೇಷನ್ನಿಗೆ ಕಿವಿಯ ಮುಂದೆ ಗೆರೆ ಹೇಗೆ ಬಂತು?

ನನಗೆ ಅಲ್ಲಿಯೇ ಸ್ಪಷ್ಟವಾಯಿತು. ಆಕೆಯ ನಿದ್ರೆ ಕೆಡಿಸಿದ್ದು ಊತಕ್ಕಿಂತ ಹೆಚ್ಚಾಗಿ ಈ ಸುಳ್ಳಿನ ಕಾವಲು. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ಅದು ನಿಮ್ಮ ಮೈ, ನಿಮ್ಮ ವಿಷಯ. ಆದರೆ ಒಂದೇ ಸೂರಿನಡಿ ಇರುವವರ ಮುಂದೆ ಹಗಲಿಡೀ ನಟಿಸುವುದು ಚೇತರಿಕೆಯ ಕಾಲದಲ್ಲಿ ದುಬಾರಿ. ಅತ್ತೆಗೆ ನಿಜ ಹೇಳಿ. ಹೊರಗಿನವರಿಗೆ "ಸಣ್ಣ ಆಪರೇಷನ್ ಆಗಿದೆ, ಮುಖ ಮುಟ್ಟಬಾರದು ಎಂದಿದ್ದಾರೆ" ಎಂಬಷ್ಟು ಸಾಕು ಎಂದೆ. ಅದರಲ್ಲಿ ಸುಳ್ಳಿಲ್ಲ, ವಿವರವೂ ಇಲ್ಲ. ಆ ವಾಕ್ಯವನ್ನು ತಡವರಿಸದೆ ಬರುವವರೆಗೆ ನನ್ನೆದುರು ಹೇಳಿಸಿದೆ.

ಮುಂದಿನ ಭೇಟಿಗೆ ಬಂದಾಗ ದುಪಟ್ಟಾ ಹೆಗಲ ಮೇಲಿತ್ತು. ಅತ್ತೆಗೆ ಹೇಳಿದ್ದರು. ಆ ಹಿರಿಯರಿಗೆ ಸಿಟ್ಟು ಬಂದದ್ದು ನಿಜ. ಸೊಸೆಯ ಕಣ್ಣು ಉಳಿಯಲೆಂದು ನಂಜನಗೂಡಿನ ನಂಜುಂಡೇಶ್ವರನಿಗೆ ಬೆಳ್ಳಿಯ ಕಣ್ಣಿನ ಹರಕೆ ಹೊತ್ತಿದ್ದರಂತೆ. "ಹೊತ್ತದ್ದು ಹೊತ್ತಾಯಿತು, ಒಪ್ಪಿಸಲೇಬೇಕು. ದುಡ್ಡು ನೀನೇ ಕೊಡು" ಎಂದರಂತೆ. ಹಬ್ಬದ ದಿನ ರಂಗೋಲಿ ಹಾಕಿದ್ದು ನಾದಿನಿಯ ಮಗಳು. ಶಾರದಾ ಕುರ್ಚಿಯಲ್ಲಿ ಕುಳಿತೇ ಪೂಜೆ ಮಾಡಿದರು. ಅರಿಶಿನವನ್ನು ಅಂಗೈಯಲ್ಲಿ ತೆಗೆದುಕೊಂಡರು. ನಾದಿನಿ ಕಿವಿಯ ಕಡೆ ನೋಡಿದ್ದು ಗೊತ್ತಾಯಿತಂತೆ, ಅಭ್ಯಾಸ ಮಾಡಿದ ವಾಕ್ಯ ಹೇಳಿ ಕೋಸಂಬರಿ ಬಡಿಸಿದರಂತೆ.

ನಿದ್ರೆ ಮರಳಿದೆ, ಕಾಲೇಜಿಗೆ ಹೋಗುತ್ತಿದ್ದಾರೆ. ಎಡಗಿವಿಯ ಹಾಲೆ ಇನ್ನೂ ಮರಗಟ್ಟಿಯೇ ಇದೆ, ಭಾರದ ಜುಮುಕಿ ಹಾಕಲು ಸರ್ಜನ್ ಇನ್ನೂ ಬಿಟ್ಟಿಲ್ಲ. ಮನೆಯಲ್ಲಿ ಬಗೆಹರಿಯದೆ ಉಳಿದಿರುವುದು ಹಣದ ವಿಷಯ. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಕೊಡುವುದಿಲ್ಲ, ಬಿಲ್ಲಿನ ಮೇಲೆ ಜಿಎಸ್‌ಟಿ ಬೇರೆ. ಗಂಡನ ಆ ಒಂದೇ ಪ್ರಶ್ನೆಯ ಹಿಂದೆ ಇದ್ದದ್ದು ಇದೇ ಎಂದು ತೋರುತ್ತದೆ. ಇಬ್ಬರೂ ಒಟ್ಟಿಗೆ ಬನ್ನಿ ಎಂದು ಹೇಳಿದ್ದೇನೆ. ಅವರು ಇನ್ನೂ ದಿನ ತಿಳಿಸಿಲ್ಲ.