ದಡದಲ್ಲಿ ಕೂತು ಹಡಗಿನ ರಿಪೇರಿ ನೋಡಿಕೊಳ್ಳುವುದು ಹೇಗೆ?

"ನಾನು ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್. ದಡದ ಕೆಲಸಕ್ಕೆ ಬರುವ ಆಸೆ ಇದೆ. ಆದರೆ ಕಣ್ಣಿಗೆ ಕಾಣದ ಹಡಗನ್ನು ಆಫೀಸಿನಿಂದ ಹೇಗೆ ನೋಡಿಕೊಳ್ಳುತ್ತಾರೆ?" ಅಂತ ಕೇಳಿದ್ದೀರಿ. ನಾನೂ ಹಡಗಿನಿಂದಲೇ ಬಂದವನು. ಈಗ ಟೆಕ್ನಿಕಲ್ ಸೂಪರಿಂಟೆಂಡೆಂಟ್, ನಾಲ್ಕು ಹಡಗುಗಳ ಹೊಣೆ ನನ್ನದು.

ದಿನ ಶುರುವಾಗುವುದೇ ನೂನ್ ರಿಪೋರ್ಟಿನಿಂದ, ಅಂದರೆ ಹಡಗು ದಿನಾ ಮಧ್ಯಾಹ್ನದ ಲೆಕ್ಕ ಬರೆದು ಕಳಿಸುವ ವರದಿಯಿಂದ. ವೇಗ ಎಷ್ಟು, ಎಣ್ಣೆ ಎಷ್ಟು ಸುಟ್ಟಿತು, ಆರ್‌ಪಿಎಂ ಎಷ್ಟು. ಒಂದು ದಿನದ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ತಿಂಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಒಮ್ಮೆ ಒಂದು ಹಡಗಿನ ಮೂರನೇ ಸಿಲಿಂಡರಿನ ಡ್ರೈನ್ ಆಯಿಲಿನಲ್ಲಿ (ಸಿಲಿಂಡರಿನಿಂದ ಕೆಳಗಿಳಿದು ಬರುವ ಬಳಸಿದ ಎಣ್ಣೆ) ಕಬ್ಬಿಣದ ಅಂಶ ಏರುತ್ತಲೇ ಹೋಯಿತು, ಅಂದರೆ ಒಳಗೆ ಏನೋ ಸವೆಯುತ್ತಿತ್ತು. ರಿಪೋರ್ಟಿನಲ್ಲಿ ಮಾತ್ರ 'ನಾರ್ಮಲ್' ಅಂತಿತ್ತು. ಚೀಫ್ ಎಂಜಿನಿಯರಿಗೆ ಫೋನ್ ಮಾಡಿ, ಲಂಗರು ಹಾಕಿದಾಗ ಸ್ಕ್ಯಾವೆಂಜ್ ಪೋರ್ಟಿನಿಂದ (ಸಿಲಿಂಡರಿಗೆ ಗಾಳಿ ಹೋಗುವ ಕಂಡಿ) ಫೋಟೋ ತೆಗೆದು ಕಳಿಸಿ ಅಂದೆ. ನೋಡಿದರೆ ಪಿಸ್ಟನ್ ರಿಂಗಿನ ಮೇಲೆ ಉದ್ದುದ್ದ ಗೀರುಗಳು. ಹೊಸದಾಗಿ ತುಂಬಿಸಿದ ಇಂಧನದ ಎಣ್ಣೆಯಲ್ಲಿ ಕ್ಯಾಟ್ ಫೈನ್ಸ್ ಜಾಸ್ತಿ ಇತ್ತು. ಅವು ರಿಫೈನರಿಯಿಂದ ಬರುವ ಅಲ್ಯೂಮಿನಿಯಂ, ಸಿಲಿಕಾನಿನ ಗಟ್ಟಿ ಕಣಗಳು. ತುಂಬಿಸುವ ಎಣ್ಣೆಯ ಪ್ರತಿ ಕಿಲೋದಲ್ಲಿ ಅವು 60 ಮಿಲಿಗ್ರಾಂವರೆಗೆ ಇರಬಹುದು. ಎಂಜಿನ್ ಸೇರುವಷ್ಟರಲ್ಲಿ 15ಕ್ಕಿಂತ ಕೆಳಗಿಳಿಯಬೇಕು. ಅದು ಪ್ಯೂರಿಫೈಯರಿನ ಕೆಲಸ, ಎಣ್ಣೆಯನ್ನು ಜೋರಾಗಿ ತಿರುಗಿಸಿ ಕಸ ಬೇರ್ಪಡಿಸುವ ಯಂತ್ರ ಅದು. ಹೀಟರ್ ಕಟ್ಟಿಕೊಂಡಿದ್ದರಿಂದ 98 ಡಿಗ್ರಿ ಇರಬೇಕಾದ ಎಣ್ಣೆ 90 ದಾಟುತ್ತಿರಲಿಲ್ಲ, ಹಾಗಾಗಿ ಕಣಗಳು ಸರಿಯಾಗಿ ಬೇರ್ಪಡುತ್ತಿರಲಿಲ್ಲ. ಹೀಟರ್ ತೊಳೆಸಿ, ಎಣ್ಣೆ ಹರಿಯುವ ವೇಗ ಇಳಿಸಿ, ಎರಡೂ ಪ್ಯೂರಿಫೈಯರ್ ಒಟ್ಟಿಗೆ ಓಡಿಸಿದೆವು. ಹೊಸ ರಿಂಗುಗಳು ಮುಂದಿನ ಬಂದರಿಗೆ ಹೋದವು.

ಅವತ್ತು ನಾನು ಫೋನಿನಲ್ಲಿ ಬೈದಿದ್ದರೆ? ಮುಂದಿನ ಸಲ ಫೋಟೋನೇ ಬರುತ್ತಿರಲಿಲ್ಲ. ಹಡಗಿನವರು ಕೆಟ್ಟ ಸುದ್ದಿಯನ್ನು ಹೆದರದೆ ಹೇಳಿದರೆ ಮಾತ್ರ ನನ್ನ ಕೆಲಸ ನಡೆಯುವುದು. ರಾತ್ರಿ ಎರಡು ಗಂಟೆಗೆ ಫೋನ್ ಬಂದರೂ ಅದಕ್ಕೇ ಸಮಾಧಾನದಿಂದ ಎತ್ತುತ್ತೇನೆ.

ಸರ್ವೆ, ಬಜೆಟ್, ಬಿಡಿಭಾಗಗಳ ಆರ್ಡರ್ ಇವೆಲ್ಲ ಇದ್ದೇ ಇವೆ, ಕಲಿತುಕೊಳ್ಳುತ್ತೀರಿ.

ಡ್ರೈ ಡಾಕ್ ಮಾತ್ರ ಬೇರೆಯೇ. ಅಲ್ಲಿ ಹಡಗನ್ನು ಒಳಗೆ ತಂದು, ನೀರು ಖಾಲಿ ಮಾಡಿ ರಿಪೇರಿ ಮಾಡುತ್ತಾರೆ. ಸರಕು ಹಡಗಿನ ತಳವನ್ನು 5 ವರ್ಷದಲ್ಲಿ ಎರಡು ಸಲ ನೋಡಬೇಕು, ನಡುವೆ 36 ತಿಂಗಳು ಮೀರಬಾರದು. ಯಾವ ವಾಲ್ವ್ ಬಿಚ್ಚಬೇಕು, ಎಷ್ಟು ಟನ್ ಉಕ್ಕು ಬದಲಿಸಬೇಕು ಅಂತ ತಿಂಗಳುಗಟ್ಟಲೆ ಮೊದಲೇ ಬರೆದಿಡುತ್ತೇವೆ. ನೀರು ಖಾಲಿಯಾದ ಕೂಡಲೇ ನಾನು ನೇರ ಪ್ರೊಪೆಲ್ಲರ್ ಹತ್ತಿರ ಹೋಗಿ, ಸ್ಟರ್ನ್ ಟ್ಯೂಬ್ ಸೀಲಿನ (ಪ್ರೊಪೆಲ್ಲರಿನ ದಂಡ ಹಡಗಿನಿಂದ ಹೊರಬರುವ ಕಡೆಯ ಮುಚ್ಚಿಗೆ) ಕೆಳಗೆ ಬೆರಳು ಆಡಿಸುತ್ತೇನೆ. ಎಣ್ಣೆ ಜಿನುಗಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಎಷ್ಟೇ ಬರೆದಿಟ್ಟರೂ, ಬಿಚ್ಚಿದ ಮೇಲೆ ಯಾವುದೋ ವಾಲ್ವಿನ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಜಾಗ) ಸವೆದುಹೋಗಿರುತ್ತದೆ. ಡಾಕಿನ ಬಾಡಿಗೆ ದಿನದ ಲೆಕ್ಕದಲ್ಲಿ ಓಡುತ್ತಿರುತ್ತದೆ ಅಲ್ವಾ, ಹಾಗಾಗಿ ಅವತ್ತೇ ತೀರ್ಮಾನ ಆಗಬೇಕು.

ಈ ಕೆಲಸಕ್ಕೆ ಸಾಮಾನ್ಯವಾಗಿ ಚೀಫ್ ಎಂಜಿನಿಯರ್ ಲೈಸೆನ್ಸ್ ಕೇಳುತ್ತಾರೆ, ಅದನ್ನು ಮೊದಲು ಮುಗಿಸಿ. ನಿಮ್ಮ ಹಡಗಿನ ಹಿಂದಿನ ಡಾಕಿಂಗ್ ಫೈಲು ಕೇಳಿ ತೆಗೆದುಕೊಂಡು ಓದಿ. ಮುಂದಿನ ಡಾಕಿಂಗ್ ಹೊತ್ತಿಗೆ ರಜೆ ಮಾತ್ರ ಹಾಕಬೇಡಿ.