ಅವಳ ‘ಬೇಡ’ ಮೊದಲು ಮನೆಯಲ್ಲಿ ನಡೆಯಲಿ

ಓದುಗರ ಪತ್ರದ ಸಾರ: ತೀರ್ಥಹಳ್ಳಿ ತಾಲ್ಲೂಕಿನ ತಾಯಿಯೊಬ್ಬರು ಬರೆದಿದ್ದಾರೆ. ಮಗಳಿಗೆ ಎಂಟು ವರ್ಷ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಮಾತು, ಕಲಿಕೆ ನಿಧಾನವಾಗುವ ಸ್ಥಿತಿ) ಇದೆ. ಆಡುವುದು ನಾಲ್ಕಾರು ಮಾತು. ಯಾರೇ ಬಂದರೂ ಓಡಿಹೋಗಿ ತಬ್ಬಿಕೊಳ್ಳುತ್ತಾಳೆ. ಅಡಿಕೆ ಸುಲಿಯುವ ದಿನಗಳಲ್ಲಿ ಮನೆ ತುಂಬ ಜನ. ಯಾರ ತೊಡೆಯ ಮೇಲಾದರೂ ಹೋಗಿ ಕೂರುತ್ತಾಳೆ. ಶಾಲೆಯಲ್ಲಿ ಹೇಳಿಕೊಟ್ಟ ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಅವಳಿಗೆ ಹತ್ತಲಿಲ್ಲ. ‘ಏನೂ ತಿಳಿಯದ ಮಗುಗೆ ಇದೆಲ್ಲ ಎಂತಕ್ಕೆ’ ಎನ್ನುತ್ತಾರೆ ಅತ್ತೆ. ಹೇಗೆ ಕಲಿಸಲಿ? ಶಿವಮೊಗ್ಗದಲ್ಲಿ ವಸತಿ ಶಾಲೆಗೆ ಸೇರಿಸಿದರೆ ಕ್ಷೇಮವೇ?

ಪ್ರಿಯ ಸಹೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಮೊಮ್ಮಗಳ ಮೇಲಿನ ಅಕ್ಕರೆಯಿಂದಲೇ ಅವರು ಹಾಗಂದಿರುತ್ತಾರೆ, ಅನುಮಾನವಿಲ್ಲ. ಆದರೆ ಕೇಡು ಬಗೆಯುವವನು ಹುಡುಕುವುದೇ ‘ಏನೂ ತಿಳಿಯದು’ ಎಂದು ಊರೆಲ್ಲ ನಂಬಿದ ಮಗುವನ್ನು. ಇವಳಿಗೆ ಹೇಳಲು ಬಾರದು, ಹೇಳಿದರೂ ಯಾರೂ ನಂಬುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವರದಿಯೊಂದನ್ನು ಪ್ರಕಟಿಸಿತು. ಅಂಗವೈಕಲ್ಯವಿರುವ ಮಕ್ಕಳು ಹಿಂಸೆಗೆ ಈಡಾಗುವ ಸಂಭವ ಉಳಿದ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು ಎಂದಿತ್ತು ಅದು. ಮಾನಸಿಕ ಇಲ್ಲವೇ ಬೌದ್ಧಿಕ ತೊಂದರೆ ಇರುವವರಿಗೆ ಲೈಂಗಿಕ ಹಿಂಸೆಯ ಅಪಾಯ 4.6 ಪಟ್ಟು. ಅವು ಶ್ರೀಮಂತ ದೇಶಗಳ ಅಧ್ಯಯನಗಳು. ನಮ್ಮಲ್ಲಿ ಸ್ಥಿತಿ ಇದಕ್ಕಿಂತ ಮೇಲಿದೆ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಅವಳಿಗೆ ಏನೂ ತಿಳಿಯದು ಎಂಬುದು ನಿಜವೂ ಅಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಸಾಮಾನ್ಯವಾಗಿ ಆಡಲು ಬರುವುದಕ್ಕಿಂತ ಹೆಚ್ಚು ಮಾತು ಅರ್ಥವಾಗುತ್ತದೆ. ಕಿವಿಯಲ್ಲಿ ಕೇಳಿದ್ದಕ್ಕಿಂತ ಕಣ್ಣಾರೆ ಕಂಡದ್ದು ಅವರಲ್ಲಿ ಚೆನ್ನಾಗಿ ನಿಲ್ಲುತ್ತದೆ. ಶಾಲೆಯ ಪಾಠ ಹತ್ತದೇ ಹೋಗಿದ್ದರೆ ತಪ್ಪು ಅವಳದ್ದಲ್ಲ, ಪಾಠದ್ದು. ಸೂಜಿ ಚುಚ್ಚುವ ನರ್ಸಮ್ಮನ ಕೈ ನೋವು ಕೊಡುತ್ತದೆ. ಚಾಕಲೇಟು ಕೊಟ್ಟು ಕಚಗುಳಿ ಇಡುವವನ ಕೈ ಹಿತವಾಗಿರುತ್ತದೆ. ಮಗು ಇದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೇಗೆ ವಿಂಗಡಿಸೀತು? ಅದರ ಬದಲು ಒಂದೇ ನಿಯಮ ಸಾಕು. ಚಡ್ಡಿಯ ಒಳಗಿನದು, ಎದೆಯ ಭಾಗ ನಿನ್ನದು. ಅಲ್ಲಿ ಯಾರೂ ಮುಟ್ಟುವಂತಿಲ್ಲ, ನೋಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಮ್ಮದನ್ನು ಮುಟ್ಟು ಅನ್ನುವಂತೆಯೂ ಇಲ್ಲ. ತೊಳೆಯಲು ಅಮ್ಮ, ಅಜ್ಜಿ. ಹುಷಾರಿಲ್ಲದಾಗ ಡಾಕ್ಟರು, ಅದೂ ಅಮ್ಮ ಪಕ್ಕದಲ್ಲಿದ್ದರೆ ಮಾತ್ರ.

ಇದನ್ನು ಕಲಿಸಲು ಬಚ್ಚಲುಮನೆಗಿಂತ ಒಳ್ಳೆಯ ಜಾಗ ಬೇರಿಲ್ಲ. ನಮ್ಮ ಮನೆಗಳಲ್ಲಿ ಬೆಳಗಿನ ಸ್ನಾನ ಹೇಗಿರುತ್ತದೆ ನೋಡಿ. ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ, ಬಸ್ಸಿಗೆ ಹೊತ್ತಾಗಿರುತ್ತದೆ. ಮಗುವನ್ನು ಎಳೆದು ತಂದು ಬಟ್ಟೆ ಕಳಚಿ, ತಂಬಿಗೆ ಮೇಲೆ ತಂಬಿಗೆ ಸುರಿದು, ತಿಕ್ಕಿ, ತಿರುಗಿಸಿ, ಒರೆಸಿ ಮುಗಿಸುತ್ತೇವೆ. ಮೈ ತನ್ನದಲ್ಲ, ಯಾರು ಬೇಕಾದರೂ ಎತ್ತಿ ತಿರುಗಿಸಬಹುದು ಎಂದು ಮಗು ದಿನಾ ಅಲ್ಲೇ ಕಲಿಯುತ್ತದೆ. ಮೊದಲು ಬಾಗಿಲು ಹಾಕಿಕೊಳ್ಳಿ. ‘ಬೆನ್ನು ತಿಕ್ಕಲಾ?’ ಎಂದು ಕೇಳಿ, ಅವಳು ತಲೆಯಾಡಿಸುವವರೆಗೆ ಕಾಯಿರಿ. ಕಾಲು, ಹೊಟ್ಟೆ, ಬೆನ್ನು ಎಂದು ಹೆಸರು ಹೇಳುತ್ತ ಬನ್ನಿ. ಗುಪ್ತಾಂಗಕ್ಕೂ ಒಂದು ಹೆಸರಿರಲಿ. ಛೀ ಎಂದು ಮುಖ ಸಿಂಡರಿಸಿದರೆ ನಾಳೆ ಆ ಜಾಗದ ಸುದ್ದಿಯನ್ನು ಅವಳು ನಿಮ್ಮ ಹತ್ತಿರ ತರುವುದಿಲ್ಲ. ಅಲ್ಲಿಗೆ ಬಂದಾಗ ಸೋಪು ಅವಳ ಕೈಗೆ ಕೊಟ್ಟು ‘ಇದು ನಿಂದು, ನೀನೇ ತೊಳ್ಕೋ’ ಎನ್ನಿ. ಮೊದಮೊದಲು ಅವಳ ಕೈಯ ಮೇಲೆ ನಿಮ್ಮ ಕೈಯಿಟ್ಟು ತೋರಿಸಿ. ತಿಂಗಳುಗಟ್ಟಲೆ ಹಿಡಿಯಬಹುದು, ಬೇಸರಪಡಬೇಡಿ. ತೊಳೆದುಕೊಳ್ಳುವುದು, ಚಡ್ಡಿ ಏರಿಸಿಕೊಳ್ಳುವುದು, ಒಬ್ಬಳೇ ಪಾಯಿಖಾನೆಗೆ ಹೋಗಿಬರುವುದು ಕೈಹತ್ತಿದಷ್ಟೂ ಅವಳ ಮೈ ಮುಟ್ಟಲೇಬೇಕಾದವರು ಕಡಿಮೆಯಾಗುತ್ತಾರೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ, ಮತ್ತು ಅದು ಕಲಿಯಬೇಕಾದದ್ದು ದೊಡ್ಡವರು. ಇಂಥ ಮಕ್ಕಳನ್ನು ಹೇಳಿದ ಮಾತು ಕೇಳುವಂತೆ ನಾವು ಪಳಗಿಸುತ್ತೇವೆ. ಕೂರು ಅಂದರೆ ಕೂರಬೇಕು, ಬಾ ಅಂದರೆ ಬರಬೇಕು. ಶಾಲೆಯಲ್ಲಿ, ಥೆರಪಿಯಲ್ಲಿ ಶಹಭಾಸ್ ಸಿಗುವುದೂ ಅದಕ್ಕೇ. ಆಮೇಲೆ ಯಾವನೋ ಒಬ್ಬ ದೊಡ್ಡವನಿಗೆ ಅವಳು ಬೇಡ ಎನ್ನಲಿ ಎಂದು ಬಯಸುತ್ತೇವೆ. ಮನೆಯಲ್ಲಿ ಒಂದು ಸಲವೂ ನಡೆಯದ ‘ಬೇಡ’ ಹೊರಗೆ ನಡೆಯುವುದು ಹೇಗೆ? ನೆಂಟರು ಕೆನ್ನೆ ಹಿಂಡುವಾಗ ಅವಳು ಮುಖ ತಿರುಗಿಸಿದರೆ ‘ಚಿಕ್ಕಪ್ಪ ಅಲ್ವನೇ, ಒಂದು ಮುತ್ತು ಕೊಡು’ ಎಂದು ಒತ್ತಾಯ ಮಾಡಬೇಡಿ. ‘ಬೇಡವಂತೆ’ ಎಂದು ನೀವೇ ಗಟ್ಟಿಯಾಗಿ ಹೇಳಿ. ಅವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮಾತ್ರೆ ನುಂಗುವುದರಲ್ಲಿ, ಬೆಂಕಿಯ ಹತ್ತಿರ ಹೋಗದಿರುವುದರಲ್ಲಿ ಅವಳ ಬೇಡ ನಡೆಯುವಂತಿಲ್ಲ, ಒಪ್ಪಿದೆ. ಅಂಗಿ ಯಾವುದು, ದೋಸೆಗೆ ಬೆಲ್ಲವೋ ಚಟ್ನಿಯೋ, ಯಾರ ಪಕ್ಕ ಕೂರಬೇಕು, ಇದರಲ್ಲೆಲ್ಲ ನಡೆಯಲಿ. ಮಾತು ಬಾರದಿದ್ದರೆ ಅಂಗೈ ಮುಂದೆ ಚಾಚುವುದು, ಎದ್ದು ನಿಮ್ಮ ಹತ್ತಿರ ಓಡಿ ಬರುವುದು ಸಾಕು. ಅದನ್ನೇ ಆಟವಾಗಿ ಆಡಿಸಿ.

ತಬ್ಬಿಕೊಳ್ಳುವುದಕ್ಕೆ ಗದರಬೇಡಿ. ಬೇಡ ಎಂದಷ್ಟೇ ಹೇಳಿದರೆ ಆ ಪ್ರೀತಿಗೆ ಹೋಗಲು ದಾರಿಯಿಲ್ಲ. ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ಫೋಟೋ ಅಂಟಿಸಿ: ಅಮ್ಮ, ಅಪ್ಪಯ್ಯ, ಅಜ್ಜಿ, ಅಣ್ಣ ಇವರನ್ನು ತಬ್ಬಬಹುದು, ಉಳಿದವರಿಗೆಲ್ಲ ನಮಸ್ಕಾರ. ಅಡಿಕೆ ಸುಲಿಯಲು ಬಂದವರಿಗೂ ಹೇಳಿಡಿ, ‘ಅವಳು ನಮಸ್ಕಾರ ಕಲಿಯುತ್ತಿದ್ದಾಳೆ, ಓಡಿ ಬಂದರೆ ನೀವೂ ಕೈಮುಗಿಯಿರಿ’ ಎಂದು. ಒಬ್ಬರು ತೊಡೆಯ ಮೇಲೆ ಕೂರಿಸಿಕೊಂಡರೂ ವಾರದ ಕಲಿಕೆ ನೀರಪಾಲು. ಅಂಗಳದಲ್ಲಿ ಕಲಿತದ್ದು ಬಸ್ಸಿನಲ್ಲಿ ತಾನಾಗಿ ಬರುವುದಿಲ್ಲ ಎಂಬುದೂ ನೆನಪಿರಲಿ. ಆಟೋದಲ್ಲಿ, ಅಜ್ಜನ ಮನೆಯಲ್ಲಿ, ಎಳ್ಳಮಾವಾಸ್ಯೆ ಜಾತ್ರೆಯ ಜನಜಂಗುಳಿಯಲ್ಲಿ, ಒಂದೊಂದು ಕಡೆಯೂ ಹೊಸದಾಗಿ ಮಾಡಿಸಬೇಕು.

ಕೂಲಿಗೆ ಬಂದ ಗಂಡಸರ ಮೇಲೆ ಒಂದು ಕಣ್ಣಿಟ್ಟಿರುತ್ತೇನೆ ಎಂದು ಬರೆದಿದ್ದೀರಿ. ಆ ಕಣ್ಣು ಮನೆಯೊಳಕ್ಕೂ ತಿರುಗಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ವರ್ಷವರ್ಷ ತೆಗೆದು ನೋಡಿದರೂ, ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿರುವವನೇ: ನೆಂಟ, ನೆರೆಯವ, ಮನೆಯ ಪರಿಚಿತ. ಬಡವನೆಂಬ ಕಾರಣಕ್ಕೆ ಒಬ್ಬನನ್ನು ಶಂಕಿಸಿ, ನಮ್ಮವನೆಂಬ ಕಾರಣಕ್ಕೆ ಇನ್ನೊಬ್ಬನನ್ನು ಬಿಟ್ಟರೆ ಮಗುವಿಗೆ ರಕ್ಷಣೆ ಸಿಗುವುದಿಲ್ಲ. ಗಂಡು ಮಕ್ಕಳ ತಾಯಂದಿರೂ ಇದನ್ನು ಓದುತ್ತಿದ್ದರೆ, ಇಲ್ಲಿ ಬರೆದದ್ದೆಲ್ಲ ನಿಮ್ಮ ಮಗನಿಗೂ ಸೇರಿ.

‘ಯಾರಿಗೂ ಹೇಳಬೇಡ’ ಎಂದು ಯಾರಾದರೂ ಅಂದರೆ ಅಮ್ಮನಿಗೆ ಹೇಳಲೇಬೇಕು, ಇದನ್ನೂ ಅಭ್ಯಾಸ ಮಾಡಿಸಿ. ಮಾತು ಸಾಲದ ಮಗುವಿಗೆ ಮೈಯ ಚಿತ್ರವೊಂದು ಕೈಗೆಟಕುವಂತಿರಲಿ, ಬೆರಳಿಟ್ಟು ತೋರಿಸಲು. ಇದ್ದಕ್ಕಿದ್ದಂತೆ ಸ್ನಾನಕ್ಕೆ ಹೆದರಿದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಒಬ್ಬ ವ್ಯಕ್ತಿಯನ್ನು ಕಂಡರೆ ಮುದುಡಿಕೊಂಡರೆ ‘ಅವಳ ಕಾಯಿಲೆಯೇ ಹಾಗೆ’ ಎಂದು ತಳ್ಳಿಹಾಕಬೇಡಿ. ಏನಾದರೂ ತಿಳಿದುಬಂದರೆ ಕೆದಕಿ ಕೆದಕಿ ಕೇಳುವುದು ಬೇಡ, ನೀವೇ ಹೆಸರು ಎತ್ತಿಕೊಡುವುದೂ ಬೇಡ. ಅವಳು ಹೇಳಿದಷ್ಟನ್ನು ಹೇಳಿದ ಹಾಗೆಯೇ ಬರೆದಿಟ್ಟುಕೊಳ್ಳಿ. ಬಟ್ಟೆ ಒಗೆಯದೆ, ಸ್ನಾನ ಮಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಪೊಲೀಸು, ಕೋರ್ಟು ಎಂದರೆ ಮಗು ಹೆದರಿ ಸತ್ತೇಹೋದೀತು ಎಂದಿದ್ದೀರಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಲ್ಲಿ ಅದಕ್ಕೆ ಏರ್ಪಾಡಿದೆ. ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಪಡೆಯಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಇರಬಾರದು. ಹೆಣ್ಣು ಮಗುವಾದರೆ ತಪಾಸಣೆ ಮಾಡುವುದು ಮಹಿಳಾ ವೈದ್ಯೆ. ಅಂಗವೈಕಲ್ಯವಿರುವ ಮಗುವಿಗೆ ವಿಶೇಷ ಶಿಕ್ಷಕರ ಅಥವಾ ಅದರ ಸನ್ನೆ, ಮಾತು ಬಲ್ಲವರ ನೆರವು ಪಡೆಯಲು ಅವಕಾಶವಿದೆ. ಇದನ್ನು ನೀವು ಕೇಳಿಯೇ ಪಡೆಯಿರಿ. ಗೊತ್ತಿದ್ದೂ ಮುಚ್ಚಿಡುವುದು ಅದೇ ಕಾಯ್ದೆಯಡಿ ಶಿಕ್ಷಾರ್ಹ. ಮರ್ಯಾದೆ ಹೋಗುತ್ತದೆ ಎಂದು ಹಿರಿಯರು ಪಂಚಾಯ್ತಿ ಮಾಡಿ ಮುಗಿಸುವ ಮಾತಲ್ಲ.

ಕಲಿಸಲು ಜೊತೆ ಬೇಕಲ್ಲ, ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿ. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರಿಗೂ ಅವರ ಪರಿಚಯ ಇರುತ್ತದೆ.

ಇನ್ನು ವಸತಿ ಶಾಲೆ. ಸೇರಿಸಿ ಎಂದೋ ಬೇಡ ಎಂದೋ ಇಲ್ಲಿ ಕೂತು ಹೇಳಲಾರೆ. ನೀವೂ ಯಜಮಾನರೂ ಒಟ್ಟಿಗೆ ಹೋಗಿ, ಕಟ್ಟಡ ತೋರಿಸುವ ಮೊದಲೇ ಕೇಳಿ: ಮಕ್ಕಳಿಗೆ ಸ್ನಾನ ಮಾಡಿಸುವವರು ಯಾರು, ಪಾಯಿಖಾನೆಗೆ ಕರೆದೊಯ್ಯುವವರು ಯಾರು, ರಾತ್ರಿ ಆ ಕೋಣೆಯಲ್ಲಿ ಯಾರಿರುತ್ತಾರೆ, ದೊಡ್ಡ ಮಕ್ಕಳೂ ಚಿಕ್ಕವರೂ ಒಟ್ಟಿಗೆ ಮಲಗುತ್ತಾರಾ, ಬಚ್ಚಲಿಗೆ ಬಾಗಿಲಿದೆಯಾ. ಮಕ್ಕಳೊಡನಿರುವ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರಿಂದ ಪರಿಶೀಲಿಸಿಕೊಳ್ಳಬೇಕೆಂದು 2020ರ ಪೋಕ್ಸೋ ನಿಯಮಗಳು ಹೇಳುತ್ತವೆ. ಆಗಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಮುನ್ಸೂಚನೆ ಕೊಡದೆ ಬಂದು ಮಗಳನ್ನು ನೋಡಬಹುದೇ ಎಂದೂ ಕೇಳಿ. ಅದಕ್ಕೆ ಒಪ್ಪದ ಶಾಲೆಗೆ, ಶುಲ್ಕ ಎಷ್ಟೇ ಕಡಿಮೆಯಿರಲಿ, ಸೇರಿಸಬೇಡಿ.

ಸಂಪಾದಕ