ಆಲ್ಫಾ 0.52 ಬಂದಿದೆ, ಹೇಳಿಕೆಗಳನ್ನು ತೆಗೆಯಲೇ?

ಪ್ರಶ್ನೆ: ಎಂ.ಎ. ಮನಃಶಾಸ್ತ್ರದ ಪ್ರಾಜೆಕ್ಟ್‌ಗೆ ಪರೀಕ್ಷೆಯ ಆತಂಕ ಅಳೆಯುವ 20 ಹೇಳಿಕೆಗಳ ಪ್ರಶ್ನಾವಳಿ ಮಾಡಿ 120 ವಿದ್ಯಾರ್ಥಿಗಳಿಂದ ತುಂಬಿಸಿದ್ದೇನೆ. ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂದು ತೋರಿಸುವ ಕ್ರೋನ್‌ಬಾಕ್ ಆಲ್ಫಾ 0.52 ಬಂದಿದೆ. 0.70 ಆದರೂ ಇರಬೇಕು ಎನ್ನುತ್ತಾರೆ ಮಾರ್ಗದರ್ಶಕರು. ಐದು ಹೇಳಿಕೆ ತೆಗೆದರೆ 0.71 ಆಗುತ್ತದೆ. ತೆಗೆಯಬಹುದೇ?

ಉತ್ತರ: ಸದ್ಯಕ್ಕೆ ಯಾವುದನ್ನೂ ಮುಟ್ಟಬೇಡಿ. ಮೊದಲು ಡೇಟಾ ಶೀಟ್ ತೆರೆದು, ವಿರುದ್ಧಾರ್ಥದ ಹೇಳಿಕೆಗಳ ಅಂಕ ತಿರುಗಿಸಿದ್ದೀರಾ ನೋಡಿ. ‘ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎದೆ ಡವಗುಟ್ಟುತ್ತದೆ’ ಎಂಬುದಕ್ಕೆ 5 ಹಾಕಿದವರು ‘ಪರೀಕ್ಷೆಯ ಹಿಂದಿನ ರಾತ್ರಿ ನೆಮ್ಮದಿಯಾಗಿ ಮಲಗುತ್ತೇನೆ’ ಎಂಬುದಕ್ಕೆ 1 ಹಾಕುತ್ತಾರೆ. ಈ 1 ಅನ್ನು 5 ಮಾಡದೆ ಲೆಕ್ಕ ಹಾಕಿದರೆ ಎರಡು ಹೇಳಿಕೆಗಳೂ ಪರಸ್ಪರ ಎಳೆದಾಡುತ್ತವೆ. ನಾನು ನೋಡಿದ ಬಡಕಲು ಆಲ್ಫಾಗಳಲ್ಲಿ ಎಷ್ಟೋ ಇಷ್ಟರಿಂದಲೇ ಚೇತರಿಸಿಕೊಂಡಿವೆ. ಐಟಂ-ಒಟ್ಟು ಸಹಸಂಬಂಧದ (ಪ್ರತಿ ಹೇಳಿಕೆಯ ಅಂಕ ಒಟ್ಟು ಅಂಕದ ಜೊತೆ ಎಷ್ಟು ಹೊಂದಿಕೊಂಡು ಏರಿಳಿಯುತ್ತದೆ ಎಂಬುದರ) ಪಟ್ಟಿಯಲ್ಲಿ ಮೈನಸ್ ಚಿಹ್ನೆ ಕಂಡರೆ ಕಳ್ಳ ಅಲ್ಲೇ ಕುಳಿತಿದ್ದಾನೆ ಎಂದೇ ತಿಳಿಯಿರಿ.

ಅದು ಸರಿಯಿದ್ದರೆ, ಆ ಐದು ಹೇಳಿಕೆಗಳನ್ನು ಗಟ್ಟಿಯಾಗಿ ಓದಿ. ‘ಪರೀಕ್ಷೆ ಎಂದರೆ ಭಯವಾಗುತ್ತದೆ, ಓದಲು ಮನಸ್ಸಾಗುವುದಿಲ್ಲ’ ಎಂಬಂಥದ್ದು ಇದೆಯೇ? ಭಯಪಟ್ಟುಕೊಂಡೇ ರಾತ್ರಿಯಿಡೀ ಓದುವ ಹುಡುಗಿ ಎಲ್ಲಿ ಟಿಕ್ ಹಾಕಬೇಕು? ಇವತ್ತು ಭಯದ ಕಡೆ, ನಾಳೆ ಓದಿನ ಕಡೆ. ವಿಶ್ವಸನೀಯತೆ ಸೋರಿಹೋಗುವುದು ಇಂಥ ಕಡೆಯೇ. ಇದನ್ನು ಕಿತ್ತೆಸೆಯುವ ಬದಲು ಒಡೆದು ಎರಡು ಹೇಳಿಕೆ ಮಾಡಿ. ನಾಲ್ಕಾರು ವಿದ್ಯಾರ್ಥಿಗಳನ್ನು ಕೂರಿಸಿ, ಪ್ರತಿ ಹೇಳಿಕೆಗೂ ಏನು ಅರ್ಥವಾಯಿತೆಂದು ಬಾಯಿಬಿಟ್ಟು ಹೇಳಿಸಿ. ಒಂದು ಮಧ್ಯಾಹ್ನದ ಕೆಲಸ, ಆದರೆ ಯಾವ ಸಾಫ್ಟ್‌ವೇರೂ ಕೊಡದ ಮಾಹಿತಿ ಸಿಗುತ್ತದೆ.

ತೆಗೆದೇ ತೀರಬೇಕೆಂದರೆ ತೆಗೆಯಿರಿ, ಆದರೆ 0.71 ಎಂದು ಈಗಲೇ ಬರೆಯಬೇಡಿ. ಅದೇ 120 ಜನರ ಉತ್ತರ ನೋಡಿ ಆರಿಸಿದ್ದರಲ್ಲಿ ಅದೃಷ್ಟದ ಪಾಲೂ ಸೇರಿರುತ್ತದೆ. ಹೊಸ ಗುಂಪಿನಲ್ಲಿ ಅದು ಇಳಿಯುವ ಸಂಭವವೇ ಹೆಚ್ಚು. ಇನ್ನು ಆ 0.70 ದೇವರು ಹಾಕಿದ ಗೆರೆಯೇನಲ್ಲ. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ ಬರೀ 0.10 ಇದ್ದರೂ 20 ಹೇಳಿಕೆಗೆ ಆಲ್ಫಾ ಸುಮಾರು 0.69, 40 ಹೇಳಿಕೆಗೆ 0.82! ಆದ್ದರಿಂದ ಆಲ್ಫಾ ದೊಡ್ಡದಿದೆ ಎಂದಮಾತ್ರಕ್ಕೆ ಎಲ್ಲ ಹೇಳಿಕೆಗಳೂ ಒಂದೇ ಗುಣವನ್ನು ಅಳೆಯುತ್ತಿವೆ ಎಂದಲ್ಲ.

ಆಲ್ಫಾಗೆ ಕಾಲದ ಅರಿವೂ ಇಲ್ಲ. ಎರಡು ವಾರ ಬಿಟ್ಟು ಅದೇ ಜನರಿಂದ ಮತ್ತೆ ತುಂಬಿಸಿ ಸಹಸಂಬಂಧ ನೋಡಿ. ಎರಡು ಸಲವೂ ಪರೀಕ್ಷೆ ದೂರವಿರಲಿ. ಒಂದು ಸಲ ಪರೀಕ್ಷೆಯ ಮುನ್ನಾದಿನ, ಇನ್ನೊಂದು ಸಲ ರಜೆಯಲ್ಲಿ ತುಂಬಿಸಿದರೆ, ಬದಲಾದದ್ದು ಅವರ ಆತಂಕವೋ ನಿಮ್ಮ ಅಳತೆಗೋಲೋ ಹೇಳಲಾಗದು.

ಪ್ರಶ್ನೆ: ಮಕ್ಕಳ ಆಟದ ವಿಡಿಯೋದ 100 ತುಣುಕುಗಳನ್ನು ನಾನೂ ಗೆಳತಿಯೂ ನೋಡಿ, ಆಕ್ರಮಣಕಾರಿ ವರ್ತನೆ ಗುರುತಿಸಿದೆವು. 88ರಲ್ಲಿ ಇಬ್ಬರೂ ‘ಇಲ್ಲ’, 2ರಲ್ಲಿ ಇಬ್ಬರೂ ‘ಇದೆ’ ಎಂದೆವು. ಉಳಿದ 10ರಲ್ಲಿ ಐದಕ್ಕೆ ನಾನು ಮಾತ್ರ, ಐದಕ್ಕೆ ಅವಳು ಮಾತ್ರ ‘ಇದೆ’ ಎಂದಿದ್ದೇವೆ. ಶೇ. 90 ಹೊಂದಾಣಿಕೆ ಸಾಕಲ್ಲವೇ?

ಉತ್ತರ: ಸಾಲದು. ಇಬ್ಬರೂ ಕಣ್ಣುಮುಚ್ಚಿ ತಲಾ 7 ತುಣುಕುಗಳಿಗೆ ‘ಇದೆ’ ಎಂದು ಗುರುತು ಹಾಕಿದ್ದರೂ ಸುಮಾರು 87ರಲ್ಲಿ ಹೊಂದಿಕೆಯಾಗುತ್ತಿತ್ತು. ಕಣ್ಣುಬಿಟ್ಟು ನೋಡಿ ಗಳಿಸಿದ್ದು ಮೂರೇ ತುಣುಕು. ಇಂಥ ಆಕಸ್ಮಿಕ ಹೊಂದಿಕೆಯನ್ನು ಕಳೆದು ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕ ಹಾಕಿದರೆ ನಿಮಗೆ ಬರುವುದು 0.23 (ಪೂರ್ಣ ಹೊಂದಾಣಿಕೆಗೆ 1, ಬರೀ ಆಕಸ್ಮಿಕಕ್ಕೆ 0).

ತಪ್ಪು ನಿಮ್ಮ ಕಣ್ಣಿನದಲ್ಲ, ವ್ಯಾಖ್ಯೆಯದಿರಬೇಕು. ಆಟದ ಭರದಲ್ಲಿ ತಳ್ಳಿದ್ದು ಲೆಕ್ಕಕ್ಕೆ ಬರುತ್ತದೆಯೇ? ಹೊಡೆಯಲು ಕೈಯೆತ್ತಿ ನಿಲ್ಲಿಸಿದ್ದು? ಜಗಳವಿರುವ ಆ ಹತ್ತು ತುಣುಕುಗಳನ್ನು ಜೊತೆಗೆ ಕುಳಿತು ನೋಡಿ, ನಿಯಮ ಬರೆದುಕೊಳ್ಳಿ. ಆಮೇಲೆ ಬೇರೆಯೇ 100 ತುಣುಕುಗಳನ್ನು ಒಬ್ಬರ ಹಾಳೆ ಇನ್ನೊಬ್ಬರು ನೋಡದಂತೆ ಗುರುತಿಸಿ. ವರದಿಗೆ ಆ ಎರಡನೇ ಸುತ್ತಿನ ಕಪ್ಪಾ ಹಾಕಿ.